ಎಡಪಾದದ ಕುಂಕುಮ

ಜುಲೈ 21, ಸೋಮವಾರ

ಇಲ್ಲೇ ಟೆಕ್ಸಸ್‌ನ ಮೆಕಿನ್ನಿಯಲ್ಲಿ ನಾಲ್ಕು ರೂಮಿನ ಗೋಡೆ ಸ್ಪ್ರೇ ಆಯ್ತು. ಕಿತ್ತಳೆ ಸಿಪ್ಪೆಯಂಥ ತರಿತರಿ ಟೆಕ್ಸ್ಚರ್. "ಏನು ಫಿನಿಶಿಂಗ್ ಸತ್ಯಪ್ರಕಾಶ್!" ಅಂದರು ಮನೆಯವರು. ತರಿ ಹೊಡೆಯೋದೇ ಕೆಳಗಿನ ಬಿರುಕು ಮುಚ್ಚೋಕೆ. ಇಪ್ಪತ್ತು ವರ್ಷದಿಂದ ಯಾರಿಗೂ ಹೇಳಿಲ್ಲ.

ಹೆಂಡತಿ ಜಯದೇವಿ ಮೈಸೂರಿಗೆ ಹೋಗಿ ವಾರ. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ಹದಿನೆಂಟು ದಿನ, ಹಿಂದಿನ ದಿನ ಬರ್ತಾಳೆ. ಅಷ್ಟರಲ್ಲಿ ಅವಳಮ್ಮ, ನಮ್ಮತ್ತೆ, ಬರೆದ ಲಕ್ಷ್ಮಿ ಪಟ ಕ್ಲೀನ್ ಮಾಡಿಸಬೇಕು. ಸರ್‌ಪ್ರೈಸ್. ಪಟಕ್ಕೆ ಗಾಜಿಲ್ಲ. ಗಾಜು ಹಾಕಿದರೆ ಕುಂಕುಮ ದೇವರಿಗೆಲ್ಲಿ ಮುಟ್ಟುತ್ತೆ ಅಂತಿದ್ದರು ಅತ್ತೆ. ಮೂವತ್ತು ವರ್ಷ ಅವರಿಟ್ಟ ಕುಂಕುಮ, ಗಂಧ ಎರಡು ಪಾದದ ಮೇಲೂ ಕಾಲು ಇಂಚು ಗಟ್ಟಿಯಾಗಿ ಕೂತಿದೆ. ಅವರು ತೀರಿಕೊಂಡ ಮೇಲೆ ಇವಳು ಬರೀ ಹೂ ಇಡ್ತಾಳೆ. ಯಾಕೆ ಅಂತ ಕೇಳಿಲ್ಲ.

ಜುಲೈ 26, ಶನಿವಾರ

ಹ್ಯೂಸ್ಟನ್. ನಾಲ್ಕು ಗಂಟೆ ಡ್ರೈವ್. ಹಳೇ ಚಿತ್ರ ಸರಿಮಾಡುವಾಕೆ ಕ್ಯಾರಲ್. ಟಾರ್ಚನ್ನು ಪಕ್ಕದಿಂದ ಹಿಡಿದಳು — ಸೆರಗಿನ ಉಬ್ಬುಗೆಲಸ ನೆರಳು ಚೆಲ್ಲಿ ಎದ್ದು ನಿಂತಿತು. ಇಷ್ಟು ವರ್ಷ ಎದುರಿಂದ ನಿಂತು ನೋಡಿದ್ದೇನು?

ಪಾದ ತೋರಿಸಿ ಕೇಳಿದಳು, ಇದು ಕೊಳೆಯೋ, ಚಿತ್ರದ ಭಾಗವೋ?

ಕೊಳೆ ಅಂದೆ. ನನಗೆ ಗೊತ್ತಿಲ್ಲದ ಸರ್ಫೇಸ್ ಉಂಟಾ!

ಜುಲೈ 30, ಬುಧವಾರ

ಕ್ಯಾರಲ್ ಫೋನ್. ಎಡಪಾದ ಪೂರ್ತಿ ಕ್ಲೀನ್. ಕೆಳಗೆ ಚಿನ್ನದ ಗೆಜ್ಜೆ ಸಿಕ್ಕಿದೆ. ಬಲಪಾದ ಮುಟ್ಟಿಲ್ಲ. ಆ ಗಟ್ಟಿ ಕುಂಕುಮದಲ್ಲಿ ಒಂದು ಗುಳಿ ಇದೆಯಂತೆ, ಒಂದೇ ಜಾಗಕ್ಕೆ ಒತ್ತಿ ಒತ್ತಿ ಆದದ್ದು. ಗುಳಿಯಲ್ಲಿ ಬೆರಳಚ್ಚು. ಮುಂದುವರಿಸಲಾ ಅಂದಳು.

ಆಸ್ಟಿನ್‌ನಲ್ಲಿ ಆರ್ಟ್ ಓದ್ತಿರೋ ಮಗಳು ಇಶಾಗೆ ಫೋನ್ ಮಾಡಿದೆ.

"ಅಪ್ಪಾ, ಆ ಕುಂಕುಮ… ದಟ್ ಈಸ್ ದ ಪೇಂಟಿಂಗ್! ಅಮ್ಮನ್ನ ಆಸ್ಕ್ ಮಾಡಿದ್ರಿ, ರೈಟ್?"

"ಸರ್‌ಪ್ರೈಸ್ ಕಣೆ."

"ಓ ಗಾಡ್."

ಗೆಜ್ಜೆ ಅತ್ತೆಯೇ ಬರೆದದ್ದು. ಅದನ್ನ ಮುಚ್ಚಿದ್ದೂ ಅತ್ತೆಯೇ. ಹಾಗಾದರೆ ಚಿತ್ರ ಮುಗಿದದ್ದು ಯಾವಾಗ?… ತಲೆ ಕೆಟ್ಟಿತು. ಕ್ಯಾರಲ್‌ಗೆ ನಿಲ್ಲಿಸಿ ಅಂದೆ.

ಆಗಸ್ಟ್ 6

ಪಟ ಮನೆಗೆ ಬಂತು. ಒಂದು ಪಾದ ಹೊಸದು, ಒಂದು ಹಳೇದು. ಕುಂಕುಮ, ಗಂಧ ಕಲಸಿದೆ. ಎಡಪಾದಕ್ಕೆ ಮೆತ್ತಿಬಿಟ್ಟರೆ ಮುಗೀತು. ತರಿ ಕೂರಿಸೋದರಲ್ಲಿ ಟೆಕ್ಸಸ್‌ನಲ್ಲಿ ನನ್ನ ಮೀರಿಸೋರಿಲ್ಲ.

ಕಲಸಿದ್ದನ್ನೆಲ್ಲ ಸಿಂಕಿಗೆ ಸುರಿದೆ.

ಆಗಸ್ಟ್ 8, ಶುಕ್ರವಾರ, ಬೆಳಿಗ್ಗೆ 7

ಜಯದೇವಿ ನಿನ್ನೆ ಬಂದಳು. ಪಟದ ಮುಂದೆ ನಿಂತಳು.

"ಎಡಗಡೆ ಅಮ್ಮ ಇಟ್ಟದ್ದು ಎಲ್ಲಿ ರೀ?"

"ಹ್ಯೂಸ್ಟನ್‌ನಲ್ಲಿ," ಅಂದೆ.

ಬಲಪಾದದ ಗುಳಿಯಲ್ಲಿ ಉಂಗುರದ ಬೆರಳಿಟ್ಟಳು. ಸರಿಯಾಗಿ ಕೂತಿತು.

"ಅಮ್ಮನ ಈ ಬೆರಳಚ್ಚು ಮುಚ್ಚಿಹೋಗುತ್ತೆ ಅಂತಲೇ ನಾನು ಕುಂಕುಮ ಇಡ್ತಿರಲಿಲ್ಲ."

ಇವತ್ತು ಸ್ನಾನ ಮಾಡಿ ಬಂದವಳೇ ಕುಂಕುಮದ ಬಟ್ಟಲು ನನ್ನ ಕಡೆ ತಳ್ಳಿದಳು. "ಎಡಗಡೆಗೆ ನೀವಿಡಿ. ದಿನಾ."

ಶಿಕ್ಷೆಯೋ, ಕ್ಷಮೆಯೋ? ಮುಖ ನೋಡಿದರೆ ತಿಳೀಲಿಲ್ಲ. ಗೆಜ್ಜೆ ಥಳಥಳ ಅಂತಿದೆ. ಎಲ್ಲಿ ಇಟ್ಟರೂ ಅಲ್ಲಿ ಅತ್ತೆಯ ಗೆರೆ ಮುಚ್ಚುತ್ತೆ. ಬೆರಳು ಅದ್ದಿ, ಇಲ್ಲಿ ಡೈರಿ ಮುಂದೆ ಬಂದು ಕೂತಿದ್ದೀನಿ. ಪುಟಕ್ಕೆಲ್ಲ ಕೆಂಪು ಹತ್ತಿದೆ.

ಅಡುಗೆಮನೆಯಿಂದ ಕೂಗ್ತಿದ್ದಾಳೆ, "ಇಟ್ರಾ?"

ಇನ್ನೂ —