ಎಡಬಾಗಿಲಿನ ಹ್ಯಾಂಡಲ್

೧೪ ಸೆಪ್ಟೆಂಬರ್ ೨೦೧೧, ಬುಧವಾರ. ಜಹೀರಾಬಾದ್

ಬಾನೆಟ್ ಮತ್ತೆ ಹಾಳು. ಕುದಿಯುವ ನೀರಿನಿಂದ ಬೇಗ ತೆಗೆದುಬಿಟ್ಟೆ, ಒಳಗೆಲ್ಲ ಗುಳ್ಳೆ. ಇಪ್ಪತ್ತು ವರ್ಷದಿಂದ ಈ ಊರಿನ ಮುದುಕರಿಗೆ ಹಲ್ಲಿನ ಸೆಟ್ ಮಾಡುತ್ತಿದ್ದೇನೆ, ಒಂದೂ ಗುಳ್ಳೆ ಬಿಟ್ಟವನಲ್ಲ. ಅಪ್ಪನ ಹಳೇ ಕಾರಿನ ಪುಟ್ಟ ಮಾದರಿ ಅಂದರೆ ಮಾತ್ರ ಕೈಗೆ ಅವಸರ.

ಸೆಟ್ಟಿನ ಪುಡಿಯಲ್ಲೇ ಮಾಡುವುದು. ಮೇಣದಲ್ಲಿ ಕೆತ್ತಿ, ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಕುದಿಸಿ… ಹಾಗಾಗಿ ಬಾಡಿಯೆಲ್ಲ ಒಸಡಿನ ಬಣ್ಣ. ಹೆಂಡತಿ ಮಹಾನಂದಾ ನೋಡಿ ನಕ್ಕಳು. "ಹಲ್ಲೂ ಕೂಡಿಸಿಬಿಡ್ರಿ ಇದಕ್ಕ, ರೊಟ್ಟಿ ತಿಂತದ." ನಕ್ಕರೂ ಸಿಟ್ಟು ಇಳಿದಿಲ್ಲ — ಕುದಿಸಿದ್ದು ಅವಳ ಚಹಾದ ಪಾತೇಲಿಯಲ್ಲಿ.

ಅಂಬಾಸಿಡರ್ ಮಾರ್ಕ್ ಟೂ. ಇಪ್ಪತ್ನಾಲ್ಕರಲ್ಲಿ ಒಂದು ಪಾಲು, ಅಂದರೆ ಗೇಣಿಗೂ ಕಡಿಮೆ. ನಾರಾಯಣಖೇಡದಲ್ಲಿ ತೊಗರಿ ವ್ಯಾಪಾರ ಜೋರಿದ್ದಾಗ ಅಪ್ಪ ಓಡಾಡಿದ ಗಾಡಿ. ದಸರೆಗೆ ಪೂಜೆಗಿಡಬೇಕಂತೆ. ಎಪ್ಪತ್ತೈದನೇ ವಯಸ್ಸಿನ ಹಟ. "ನನ್ನ ಕಾರು ಹೆಂಗಿತ್ತೋ ಹಂಗ ಇರಬೇಕು ನೋಡು, ಕೂದಲಷ್ಟೂ ಫರಕ್ ಆಗಬಾರದು." ಇರುವುದು ಮೂರೇ ವಾರ.

ಈ ಹುಚ್ಚು ಹಚ್ಚಿದ್ದೂ ಅವರೇ. ಹತ್ತು ವರ್ಷದವನಿದ್ದಾಗ ತಾಂಡೂರಿನಲ್ಲಿ ಕೆಂಪು ತಗಡಿನ ಕಾರೊಂದು ಕೊಡಿಸಿದ್ದರು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಸುಮ್ಮನೆ. ಆಟಿಕೆಗೆ ಕೈ ಬಿಚ್ಚುವ ಮನುಷ್ಯನೇ ಅಲ್ಲ. ಇವತ್ತಿಗೂ ಶೋಕೇಸಿನಲ್ಲಿದೆ. ಅಪ್ಪನ ಮೇಲೆ ಸಿಟ್ಟು ಬಂದಾಗಲೆಲ್ಲ ಅದನ್ನು ನೋಡಿ ತಣ್ಣಗಾಗುತ್ತೇನೆ.

೧೯ ಸೆಪ್ಟೆಂಬರ್

ಇವತ್ತಿನಿಂದ ಬಸ್ಸೂ ಬಂದ್. ಆಫೀಸು, ಶಾಲೆ ಮೊದಲೇ ಮುಚ್ಚಿದ್ದವು. ಸಕಲ ಜನರ ಮುಷ್ಕರ ಅಂದರೆ ಸಕಲರೂ. ಹಳ್ಳಿ ಕಡೆಯ ಗಿರಾಕಿ ಒಬ್ಬರೂ ಇಲ್ಲ. ಪ್ರತ್ಯೇಕ ತೆಲಂಗಾಣ ರಾಜ್ಯ ಬರುವ ತನಕ ಗಂಜಿ ಕುಡಿದೇ ಇರುತ್ತಾರೆ ಅಂತ ಕಾಣುತ್ತದೆ. ಕರೆಂಟೂ ಬಂದಾಗ ಬಂತು.

ಗ್ರಿಲ್ ಆಯ್ತು. ಸೆಟ್ ಗಟ್ಟಿ ಬರಲೆಂದು ಒಳಗೆ ಹಾಕುವ ಲೋಹದ ಜಾಲರಿ ಇದೆಯಲ್ಲ, ಅದೇ ಮಾರ್ಕ್ ಟೂ ಗ್ರಿಲ್ಲಿನ ಚೌಕುಳಿ! ಇಡೀ ದಿನ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

೨೨ ಸೆಪ್ಟೆಂಬರ್

ಅಪ್ಪನ ಫೋನು. ಮೊದಲೆರಡು ಮಾತು ತಿಳಿಯಲಿಲ್ಲ. "ಸೆಟ್ ಹಾಕ್ಕೊಂಡು ಮಾತಾಡ್ರೀ ಅಪ್ಪಾ" ಅಂದೆ. ಹಾಕಿಕೊಂಡರು. ಶುರುವಾಯ್ತು ಉಪದೇಶ.

"ಗ್ಲಾಸ್ ಇಳಿಸೋ ಹ್ಯಾಂಡಲ್ ನಾಕೂ ಬಾಗಿಲಕ್ಕ ಮಾಡಿಗೀಡಿ ಮತ್ತ. ಹಿಂದ ಬಲಗಡಿದು ಮುರದು ಹೋಗಿತ್ತು. ಎಡಗಡಿದು ಅಷ್ಟೇ ಇತ್ತು. ಬಿಳೀ ಗುಂಡಿ, ಅದೂ ಸೀಳಿತ್ತು. ನಿನ್ನ ಜಾಗ ಅದೇ ಅಲ್ಲೇನು? ಗರಗರ ತಿರುವಿ ನನ್ನ ತಲಿ ತಿಂತಿದ್ದಿ."

ಎಷ್ಟು ಚೆನ್ನಾಗಿ ನೆನಪಿದೆ ಮುದುಕನಿಗೆ. ಖುಷಿಯಾಯ್ತು.

೨೪ ಸೆಪ್ಟೆಂಬರ್, ಬೆಳಿಗ್ಗೆ ೧೧

ಹ್ಯಾಂಡಲ್ ಕೂಡಿಸಿದೆ. ಹಲ್ಲಿನ ಕೊಂಡಿಗೆ ಹಾಕುವ ತಂತಿ ಬಗ್ಗಿಸಿ, ತುದಿಗೆ ಬಿಳಿ ಚುಕ್ಕೆ. ಚಿಮಟದಲ್ಲಿ ಹಿಡಿದು ಹಿಂದಿನ ಎಡಬಾಗಿಲಿಗೆ ಅಂಟಿಸಿದೆ. ಗಮ್ ಒಣಗುವ ತನಕ ಹಿಡಿದೇ ಕೂತಿದ್ದೆ.

ಆಗ ಕೈಗೆ ನೆನಪು ಬಂತು. ಎಡಗೈಯಲ್ಲಿ ಆ ಹ್ಯಾಂಡಲ್, ಬೆರಳಿಗೆ ಚುಚ್ಚುವ ಸೀಳು. ಬಲಗೈಯಲ್ಲಿ ಡ್ರೈವರ್ ಪೋಚಪ್ಪನ ಕೆಂಪು ಟವೆಲ್. ಮುಂದಿನ ಸೀಟಿನ ಬೆನ್ನಿನಿಂದ ಅವನ ಟವೆಲ್ ನೇತಾಡುತ್ತಿತ್ತು, ಎಳೆದು ಕಾಡುತ್ತಿದ್ದೆ. ಆಮೇಲೆ ಧಡ್ ಅಂತ ಸದ್ದು. ಧೂಳು. ಕುರಿಗಳ ಕೂಗು.

೧೯೮೦. ಬೊಮ್ರಾಸಪೇಟ್ ರಸ್ತೆ. ಸತ್ತವನು ಅಮೋಘಸಿದ್ದ ಅಂತ ಕುರಿ ಕಾಯುವ ಹುಡುಗ. ನಮ್ಮ ಡ್ರೈವರ್ ಪೋಚಪ್ಪನಿಗೆ ಒಂದೂವರೆ ವರ್ಷ ಜೈಲಾಯ್ತು. ಮನೆಯಲ್ಲಿ ಹೇಳುತ್ತ ಬಂದದ್ದು ಇಷ್ಟೇ, ನಾನು ನಂಬಿದ್ದೂ ಇಷ್ಟೇ.

ಎಡಬಾಗಿಲ ಹತ್ತಿರ ನಾನು. ನನ್ನ ಮುಂದೆಯೇ ಪೋಚಪ್ಪ. ಅಂದರೆ ಅವನು ಕೂತದ್ದು ಎಡಗಡೆ. ಸ್ಟೀರಿಂಗ್ ಇರುವುದು ಬಲಗಡೆ.

ಕಾರಿನಲ್ಲಿದ್ದದ್ದು ನಾವು ಮೂವರೇ.

ಸಂಜೆ ೫

ಮೇಣದ ಎರಡು ಉಂಡೆ ಸೀಟಿನ ಮೇಲಿಟ್ಟು ನೋಡಿದೆ. ತಿರುಗಿಸಿ ನೋಡಿದೆ. ಎಡಗೈ ಹ್ಯಾಂಡಲ್ ಮೇಲಿದ್ದು ಬಲಗೈಗೆ ಟವೆಲ್ ಸಿಗಬೇಕಾದರೆ ಬೇರೆ ದಾರಿಯೇ ಇಲ್ಲ. ನಡೆಸುತ್ತಿದ್ದದ್ದು ಅಪ್ಪ.

೨೮ ಸೆಪ್ಟೆಂಬರ್

ಮೂರು ದಿನ ಕೆಲಸ ಮುಟ್ಟಲಿಲ್ಲ. ಇವತ್ತು ಬೈಕ್ ತೆಗೆದು ಕೊಡಂಗಲ್ಲಿಗೆ ಹೋಗಿಬಂದೆ. ಪೋಚಪ್ಪ ಅಲ್ಲಿ ಮಗಳ ಮನೆಯಲ್ಲಿದ್ದಾನೆಂದು ಗೊತ್ತಿತ್ತು. ಗೊತ್ತಿದ್ದೂ ಒಮ್ಮೆಯೂ ಹೋದವನಲ್ಲ.

ತಾಂಡೂರಿನಲ್ಲಿ ರಸ್ತೆ ನಡುವೆ ಒಲೆ ಹೂಡಿ ಅಡುಗೆ, ಊಟ. ಮುಷ್ಕರದವರು ಬೈಕ್ ತಡೆದು ನಂಬರ್ ಪ್ಲೇಟಿನ ಎಪಿ ಅಳಿಸಿ ಟಿಜಿ ಬರೆದರು. ಉಣ್ಣದೆ ಬಿಡಲಿಲ್ಲ. ಜೈ ತೆಲಂಗಾಣ ಅಂದೆ, ಉಂಡೆ.

ಪೋಚಪ್ಪ ಗುರುತು ಹಿಡಿದ. "ಸಣ್ಣ ಸಾವಕಾರ್ರಾ? ಬರ್ರಿ, ಬರ್ರಿ." ಮಂಚದ ಮೇಲಿಂದ ತಾನು ಎದ್ದು ನನ್ನನ್ನು ಕೂರಿಸಿದ. ಬಾಯಲ್ಲಿ ಒಂದೂ ಹಲ್ಲಿಲ್ಲ. ನನಗೆ ಧೈರ್ಯ ಸಾಲಲಿಲ್ಲ. "ಕಾಕಾ, ನಿಮಗ ಸೆಟ್ ಮಾಡಿಕೊಡಾಕ ಬಂದೀನ್ರಿ, ಅಳತಿ ತಗೋತೀನಿ" ಅಂದೆ.

ಅಳತೆ ತೆಗೆಯುವ ಪುಡಿ ಕಲಸಿ ಟ್ರೇಯಲ್ಲಿ ತುಂಬಿ ಬಾಯಿಗಿಟ್ಟೆ. ಮೂರು ನಿಮಿಷ ಅಲುಗಾಡುವಂತಿಲ್ಲ, ಮಾತಾಡುವಂತಿಲ್ಲ. ಆಗ ಹೇಳಿದೆ, ಹೇಡಿ ನಾನು. ಅವನು ಉತ್ತರ ಕೊಡಲಾಗದ ಹೊತ್ತು ನೋಡಿಕೊಂಡು.

"ಅವತ್ತ ಗಾಡಿ ನಡಸಿದ್ದು ನೀವಲ್ರಿ. ಅಪ್ಪ."

ಕಣ್ಣು ನನ್ನ ಮೇಲೇ ಇತ್ತು. ಜೊಲ್ಲು ಗದ್ದದ ಮೇಲೆ ಇಳಿಯಿತು. ನಾನು ಗಡಿಯಾರ ನೋಡುತ್ತ ಕೂತೆ. ಟ್ರೇ ತೆಗೆದ ಮೇಲೆ ಬಾಯಿ ಮುಕ್ಕಳಿಸಿದ, ನಿಧಾನಕ್ಕೆ ಟವೆಲ್ಲಿನಿಂದ ಒರೆಸಿಕೊಂಡ.

"ಈಗ ನೆನಪಾತೇನ್ರಿ?"

ನನಗೆ ತಿಳಿಯಲಿಲ್ಲ.

"ತಾಂಡೂರ ಕೋರ್ಟಿನ್ಯಾಗ ನೀವೇ ಹೇಳಿದ್ರಲ್ರಿ, ಪೋಚಪ್ಪನೇ ನಡಸ್ತಿದ್ದ ಅಂತ. ನಾ ಅಲ್ಲ ಅಲ್ಲ ಅಂತ ಬಡಕೊಂಡೆ. ಸಣ್ಣ ಕೂಸು, ಸುಳ್ಳ್ಯಾಕ ಹೇಳ್ತದ ಅಂದ್ರು ಎಲ್ಲಾರೂ."

"ನಾನಾ?"

"ಹೌದ್ರಿ. ಅವತ್ತೇ ಕೋರ್ಟಿನ ಮುಂದ ನಾ ಪೊಲೀಸ್ ಜೀಪಿನ್ಯಾಗ ಕುಂತಿದ್ದೆ, ಜೈಲಿಗೆ ಒಯ್ಯಾಕ ತಯಾರಾಗಿದ್ರು. ನೀವು ಬಜಾರ ಕಡಿಂದ ಓಡಿ ಬಂದ್ರಿ. ಕೈಯಾಗ ಕೆಂಪು ತಗಡಿನ ಕಾರು. ಪೋಚಪ್ಪಾ, ಅಪ್ಪ ಕೊಡಿಸ್ಯಾನ ನೋಡು ಅಂದ್ರಿ."

ಸಿಟ್ಟಿನಿಂದ ಹೇಳಲಿಲ್ಲ. ಅದೇ ತಡೆಯಲಾಗುತ್ತಿಲ್ಲ.

ನೆನಪಿಲ್ಲ ಅಂತ ಹೇಳಬೇಕೆಂದಿದ್ದೆ. ಆದರೆ ನೆನಪಾಗುತ್ತಿದೆ… ಎತ್ತರದ ಸೀಲಿಂಗಿನಲ್ಲಿ ಫ್ಯಾನು. ಮನೆಯಲ್ಲಿ ಅಪ್ಪ ಒಂದೇ ಮಾತು ಮತ್ತೆ ಮತ್ತೆ ಹೇಳಿಸಿ ಕಲಿಸಿದ್ದು, ಮಗ್ಗಿ ಕಲಿಸಿದ ಹಾಗೆ.

ಹೊರಟಾಗ ಪೋಚಪ್ಪ ಬಾಗಿಲ ತನಕ ಬಂದ. "ಜೈಲು ಮುಗದು ಹೋತ್ರಿ. ಆದ್ರ ಅಮೋಘಸಿದ್ದನ ತಾಯಿ ಪೀರಮ್ಮ, ಬೊಮ್ರಾಸಪೇಟಿನ್ಯಾಗ ಇನ್ನೂ ಅದಾಳ. ಎದುರಿಗೆ ಬಂದ್ರ ಮಣ್ಣು ತೂರ್ತಾಳ. ಮೂವತ್ತು ವರ್ಷ ಆತು. ನಾ ಹೇಳಿದ್ರ ನಂಬಾಂಗಿಲ್ಲ. ಆಕಿ ಸಾಯೂದ್ರೊಳಗ ನಿಮ್ಮ ಮನ್ಯಾವ್ರು ಯಾರರ ಹೋಗಿ ಹೇಳಿದ್ರ ಸಾಕ್ರಿ. ಮತ್ತೇನೂ ಬ್ಯಾಡ."

ಮನೆಗೆ ಬಂದು ಶೋಕೇಸಿನ ಕೆಂಪು ಕಾರು ತೆಗೆದೆ. ಎಲ್ಲಿಡಬೇಕೋ ತಿಳಿಯದೆ ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

೨ ಅಕ್ಟೋಬರ್

ಬಣ್ಣ ಆಯ್ತು. ಕೆನೆ ಬಿಳಿ, ಥೇಟ್ ಹಾಗೆಯೇ. ಒಳಗೆ ಮೂರು ಗೊಂಬೆ ಮಾಡಿದೆ. ಎಡಗಡೆ ಮುಂದೆ ಪೋಚಪ್ಪ, ಹೆಗಲಿಗೆ ಕೆಂಪು ಟವೆಲ್. ಹಿಂದೆ ನಾನು, ಕೈ ಹ್ಯಾಂಡಲ್ ಮೇಲೆ. ಸ್ಟೀರಿಂಗ್ ಹಿಡಿದು ಅಪ್ಪ, ಬಿಳಿ ಟೋಪಿ ಹಾಕಿದ್ದಾರೆ. ಪಾದಗಳನ್ನು ಪೆಡಲಿಗೆ ಅಂಟಿಸಿದ್ದೇನೆ.

ಮಹಾನಂದಾಗೆ ಎಲ್ಲ ಹೇಳಿದೆ. "ಹಬ್ಬದ ದಿನ ಬ್ಯಾಡ್ರಿ. ಮುದಿ ಜೀವ."

"ಪೀರಮ್ಮನದೂ ಮುದಿ ಜೀವನೇ."

ಅಪ್ಪ ತಾವಾಗಿ ಅವಳ ಹತ್ತಿರ ಬರುತ್ತೇನೆ ಅನ್ನಲಿ. ಅಷ್ಟೇ ಆಸೆ.

೬ ಅಕ್ಟೋಬರ್, ದಸರೆ. ನಾರಾಯಣಖೇಡ್

ಕಾರು ನೋಡಿ ಅಪ್ಪ ಕೂಸಿನ ಹಾಗಾದರು. ಬಂಪರ್ ಸವರಿದರು, ಗ್ರಿಲ್ ಸವರಿದರು. "ಶಹಬ್ಬಾಸ್ ಸಂಗು!" ಈ ಒಂದು ಮಾತಿಗೆ ನಲವತ್ತೊಂದು ವರ್ಷ ಕಾದಿದ್ದೆ. ಕೇಳಿಸಿಕೊಂಡೆ, ಭೂತಗನ್ನಡಿ ಅವರ ಕೈಗಿಟ್ಟೆ.

"ಒಳಗ ನೋಡ್ರಿ" ಅಂದೆ.

ಭೂತಗನ್ನಡಿ ಹಿಡಿದು ಬಗ್ಗಿದರು. ಹಿಂದಿನ ಸೀಟು ನೋಡಿ ನಕ್ಕರು. ಮುಂದಿನ ಸೀಟಿಗೆ ಬಂದಾಗ ಭೂತಗನ್ನಡಿ ನಿಂತಿತು.

"ಅದಲು ಬದಲು ಆಗ್ಯಾರ."

"ಇಲ್ರಿ. ನೀವು ಹೇಳಿದಂಗೇ ಮಾಡೀನಿ. ಕೂದಲಷ್ಟೂ ಫರಕ್ ಇಲ್ಲ."

ಬೆರಳು ಒಳಗೆ ಹಾಕಿ ಎಳೆದು ನೋಡಿದರು. "ಅಂಟಿಸಿಬಿಟ್ಟೀಯೇನು?"

"ಹೌದ್ರಿ."

ಉಗುರು ಕೊಟ್ಟು ಎಳೆದರು. ಟಕ್ ಅಂತು. ಅಪ್ಪನ ಗೊಂಬೆ ಸೊಂಟದಿಂದ ಮುರಿದು ಅವರ ಬೆರಳಲ್ಲಿ ಬಂತು. ಕಾಲೆರಡೂ ಪೆಡಲಿನ ಮೇಲೆ ಹಾಗೇ ಉಳಿದವು.

"ಪೋಚಪ್ಪನ ಕಡಿ ಹೋಗಿದ್ದೆ. ಪೀರಮ್ಮ ಇನ್ನೂ ಅದಾಳಂತ. ನಾಳಿ ಹೋಗೂಣು ಬರ್ರಿ ಅಪ್ಪಾ. ಇಬ್ರೂ ಹೋಗೂಣು. ನಾನೂ ಸುಳ್ಳು ಹೇಳೀನಲ್ರಿ."

"ನಾ ಸತ್ತ ಮ್ಯಾಲ ಏನರ ಹೇಳ್ಕೊ."

"ಆಕಿನೇ ಮೊದಲು ಸತ್ರ?"

ಬಾಯಿಂದ ಸೆಟ್ ತೆಗೆದು ನೀರಿನ ಬಟ್ಟಲಿಗೆ ಹಾಕಿದರು. ತೆಗೆದರೆ ಮಾತು ಮುಗಿಯಿತು ಅಂತಲೇ. ಅದನ್ನು ಮಾಡಿಕೊಟ್ಟವನೂ ನಾನೇ.

ಸಂಜೆ ಬನ್ನಿ ಕೊಟ್ಟು ಕಾಲು ಮುಟ್ಟಿದೆ. ಮುಟ್ಟದೆ ಇರಲು ಆಗಲಿಲ್ಲ. ತಲೆಯ ಮೇಲೆ ಕೈ ಇಟ್ಟರು. ಇನ್ನೊಮ್ಮೆ ಕೇಳಿದೆ. ಮುಖ ಗೋಡೆ ಕಡೆ ತಿರುಗಿಸಿಕೊಂಡರು.

೭ ಅಕ್ಟೋಬರ್, ಬೆಳಿಗ್ಗೆ ೯. ಬೊಮ್ರಾಸಪೇಟ್

ಒಬ್ಬನೇ ಬಂದೆ. ಪೂಜೆಗಿಟ್ಟಿದ್ದ ಕಾರು ತೆಗೆದುಕೊಂಡು ಬಂದಿದ್ದೇನೆ. ಬಾನೆಟ್ ಮೇಲಿನ ಕುಂಕುಮ ಒರೆಸಿಲ್ಲ. ಜೇಬಿನಲ್ಲಿ ಪೋಚಪ್ಪನ ಸೆಟ್. ಇಲ್ಲಿ ಮುಗಿದ ಮೇಲೆ ಕೊಡಂಗಲ್ಲಿಗೆ.

ಪೀರಮ್ಮನ ಮನೆ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತು ಒಂದು ತಾಸಾಯ್ತು. ಏನು ಹೇಳಬೇಕು, ಬರೆದು ನೋಡುತ್ತಿದ್ದೇನೆ. 'ಅವ್ವಾ, ನಾ ಮಾಣಿಕಪ್ಪನ ಮಗ. ಅವತ್ತ ಕಾರಿನ್ಯಾಗ ಇದ್ದೆ. ಕೋರ್ಟಿನ್ಯಾಗ ಹೇಳಿದ್ದು ಸುಳ್ಳು.' ಮೂರೇ ಸಾಲು. ಅಪ್ಪನಿಂದ ಕಲಿತ ಸುಳ್ಳು ಇದಕ್ಕಿಂತ ಚಿಕ್ಕದಿತ್ತು.

ಅಂಗಳ ಗುಡಿಸಲು ಹೊರಗೆ ಬಂದಳು. ಬೆನ್ನು ಪೂರ್ತಿ ಬಾಗಿದೆ. ನನ್ನನ್ನು ನೋಡಿದಳು, ಕಣ್ಣಿಗೆ ಕೈ ಅಡ್ಡ ಹಿಡಿದು.

"ಯಾರಪ್ಪಾ ನೀ? ಬಸ್ಸಿಲ್ಲಂತ ಕುಂತೀಯೇನು? ಆವಾಗಿನಿಂದ ನೋಡಾಕತ್ತೀನಿ. ಇರು, ನೀರು ತರ್ತೀನಿ."

ಒಳಗೆ ಹೋದಳು. ಓಡಿಬಿಡಲೇ ಅನ್ನಿಸಿತು. ಬೈಕಿನ ಕೀಲಿ ಕೈಯಲ್ಲೇ ಇದೆ.

ಬಂದಳು. ತಂಬಿಗೆ ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಚೆಲ್ಲಬಾರದೆಂದು ಮೆಲ್ಲಗೆ. ಇನ್ನು ನಾಲ್ಕು ಹೆಜ್ಜೆ. ಆ ನೀರು ಕುಡಿಯುವ ಮೊದಲೇ ಹೇಳಬೇಕು. ಅವ್ವಾ, ನಾ