ನಾವೇ ಗುಡಿಸಿಕೊಟ್ಟ ರಸ್ತೆ

ಸಂಚಾರ ಯೋಜನೆಯ ಮಾನ್ಯ ಅಧಿಕಾರಿಗಳೇ,

ನಮ್ಮ ದೂರಿಗೆ ತಾವು ಕಳಿಸಿದ ಉತ್ತರ ತಲುಪಿತು. ‘ಸದರಿ ರಸ್ತೆಯಲ್ಲಿ ಬೆಳಗಿನ ಮೂರು ಗಂಟೆಗಳ ಅವಧಿಯಲ್ಲಿ ಕೇವಲ ನಲವತ್ಮೂರು ವಾಹನಗಳು ಸಂಚರಿಸಿರುವುದು ಸಮೀಕ್ಷೆಯಿಂದ ದೃಢಪಟ್ಟಿರುತ್ತದೆ, ಆದ್ದರಿಂದ ವಸತಿ ಸಮುಚ್ಚಯದ ಹೆಚ್ಚುವರಿ ವಾಹನಗಳನ್ನು ಭರಿಸಲು ರಸ್ತೆಯು ಶಕ್ತವಾಗಿರುತ್ತದೆ’ ಎಂದಿದ್ದೀರಿ. ಹತ್ತೊಂಬತ್ತು ಅಡಿ ಅಗಲದ ನಮ್ಮ ರಸ್ತೆಗೆ ಇಷ್ಟೊಂದು ಶಕ್ತಿಯಿದೆ ಎಂದು ಇಲ್ಲೇ ಇಪ್ಪತ್ತಾರು ವರ್ಷ ಬಾಳಿದ ನಮಗೆ ತಿಳಿದಿರಲಿಲ್ಲ. ಮುನ್ನೂರ ಹನ್ನೆರಡು ಮನೆಗಳ ಕಾರುಗಳು ಏಳು ಗಂಟೆಗೆ ಒಮ್ಮೆಲೇ ಹೊರಬಿದ್ದಾಗ ಆ ಶಕ್ತಿ ಎಲ್ಲಿ ಅಡಗಿರುತ್ತದೋ, ಬಂದು ತೋರಿಸುವಿರಾ? ಸಮುಚ್ಚಯಕ್ಕೆ ಮುಖ್ಯರಸ್ತೆಯ ಕಡೆಗೂ ಒಂದು ಗೇಟಿದೆ. ಅದರ ಮುಂದೆ ಕಾರಂಜಿ ಕಟ್ಟಿ ಬೀಗ ಜಡಿದಿದ್ದಾರೆ. ಕಾರಂಜಿಗೆ ಹೊಗೆ ತಾಗಬಾರದು, ನಮ್ಮ ಮೂಗಿಗೆ ತಾಗಿದರೆ ಅಡ್ಡಿಯಿಲ್ಲ.

ಆದರೂ ತಮ್ಮ ನಲವತ್ಮೂರು ಸುಳ್ಳಲ್ಲ. ಅದನ್ನು ಒಪ್ಪಿಕೊಳ್ಳಲೆಂದೇ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ, ಸಮುಚ್ಚಯಕ್ಕೆ ಪಾಯ ತೋಡುವ ಮೊದಲು, ತಮ್ಮ ಕಚೇರಿಯಿಂದ ಒಂದು ಚೀಟಿ ಬಂತು: ‘ಬುಧವಾರ ತಮ್ಮ ರಸ್ತೆಯನ್ನು ಪರಿಶೀಲಿಸಲಾಗುವುದು, ನಿವಾಸಿಗಳು ಸಹಕರಿಸಬೇಕು.’ ಯಾತಕ್ಕೆ ಎಂದು ಅದರಲ್ಲಿರಲಿಲ್ಲ. ಮನೆಗೆ ದೊಡ್ಡವರು ಬರುತ್ತಾರೆಂದರೆ ನಾವೇನು ಮಾಡುತ್ತೇವೆ? ಹರಡಿದ್ದನ್ನೆಲ್ಲ ಎತ್ತಿ ಒಳಗಿಡುತ್ತೇವೆ. ರಸ್ತೆಗೂ ಅದನ್ನೇ ಮಾಡಿದೆವು. ಮುಂದಾಳು ನಾನೇ. ಮನೆಮನೆಗೆ ಹೋಗಿ, ಸ್ಕೂಟರು ಕಾರುಗಳನ್ನು ಹಿಂದಿನ ದಿನವೇ ಮೈದಾನದಲ್ಲಿ ಬಿಡಿಸಿದೆ. ಹಾಲಿನ ವ್ಯಾನು, ಶಾಲೆಯ ವ್ಯಾನುಗಳನ್ನು ತಿರುವಿನಲ್ಲೇ ನಿಲ್ಲಲು ಒಪ್ಪಿಸಿದೆ. ಪಕ್ಕದ ಮನೆಯ ಮೀಸೆ ಮಾವ ನಿವೃತ್ತ ಡ್ರಿಲ್ ಮೇಷ್ಟ್ರು. ಅಡ್ಡದಾರಿ ಹಿಡಿದು ಬರುವವರನ್ನೆಲ್ಲ ಸೀಟಿ ಊದಿ ವಾಪಸು ಅಟ್ಟುವ ಕೆಲಸ ಅವರಿಗೆ. ನಾವು ಹೆಂಗಸರು ಈ ತುದಿಯಿಂದ ಆ ತುದಿಯವರೆಗೆ ಗುಡಿಸಿದೆವು.

ತಮ್ಮ ಕಡೆಯಿಂದ ಬಂದ ಹೆಣ್ಣುಮಗಳಿಗೆ ನೆರಳಲ್ಲಿ ಕುರ್ಚಿ ಹಾಕಿದೆ, ಎರಡು ಸಲ ಚಹಾ ಕೊಟ್ಟೆ. “ಎಷ್ಟು ಶಾಂತವಾಗಿದೆ ಅಕ್ಕಾ ನಿಮ್ಮ ರಸ್ತೆ! ನನಗಂತೂ ನಿದ್ದೆನೇ ಬರ್ತಿದೆ” ಅಂದಳು. ನಾನು ಉಬ್ಬಿಹೋದೆ. ಅವಳ ಕೈಯಲ್ಲಿದ್ದ ಹಾಳೆಯಲ್ಲಿ ನಮ್ಮ ಹಣೆಬರಹ ಗೀಟು ಗೀಟಾಗಿ ಇಳಿಯುತ್ತಿದೆ ಎಂದು ನನಗೇನು ಗೊತ್ತು!

ಅವಳು ಕೂತಿದ್ದ ಕುರ್ಚಿ ನನ್ನ ಯಜಮಾನರು ಹೆಣೆದದ್ದು. ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಬೆತ್ತವನ್ನು ನೀರಲ್ಲಿ ನೆನೆಸಿ, ತೂತಿನಿಂದ ತೂತಿಗೆ ಎಳೆದು, ಬೆರಳಿನಿಂದ ಮೀಟಿ ನೋಡುತ್ತಾರೆ. ಸದ್ದು ಸರಿಯಿಲ್ಲದಿದ್ದರೆ ಬಿಚ್ಚಿ ಮತ್ತೆ ಬಿಗಿಯುತ್ತಾರೆ. ಅವರ ಕೆಲಸದ ಕೊಟ್ಟಿಗೆ ಮನೆಯ ಎದುರಿಗೇ, ರಸ್ತೆಯ ಆಚೆ. ನಡುವೆ ಹನ್ನೊಂದು ಹೆಜ್ಜೆ. ಇಪ್ಪತ್ತಾರು ವರ್ಷ ಆ ಹನ್ನೊಂದು ಹೆಜ್ಜೆಯನ್ನು ಕಿವಿಯಿಂದಲೇ ದಾಟಿದರು. ಒಂದು ದಿನವೂ ನನ್ನ ಕೈ ಕೇಳಿದವರಲ್ಲ. ಕೊಡಹೋದರೆ “ಬಿಡೇ, ನಾನೇನು ಕೂಸಾ?” ಎಂದು ರೇಗುತ್ತಿದ್ದರು. ಆ ಬುಧವಾರ ಹೊಸ್ತಿಲಲ್ಲಿ ನಿಂತು, “ಏನೇ ಇದು, ರಸ್ತೆ ಇಷ್ಟು ಸುಮ್ಮನಿದೆ? ಎಲ್ಲರೂ ಊರು ಬಿಟ್ಟು ಹೋದ್ರಾ?” ಎಂದು ಕೇಳಿದರು. ಹೆಮ್ಮೆಯಿಂದ, “ನಮ್ಮ ರಸ್ತೆಗೆ ಒಳ್ಳೆ ಕಾಲ ಬಂತು ಅಂದ್ಕೊಳ್ಳಿ” ಅಂದೆ.

ಈಗ ಅವರ ಕಿವಿಗೆ ಬಿಡುವೇ ಇಲ್ಲ. ಹೋದ ತಿಂಗಳು ನಾಲ್ಕನೇ ಹೆಜ್ಜೆಯಲ್ಲಿದ್ದಾಗ ಕಾರೊಂದು ಅವರ ಕೋಲನ್ನು ಎರಡು ತುಂಡು ಮಾಡಿತು. ಒಳಗಿದ್ದಾತ ಗಾಜು ಇಳಿಸಿ, “ಏನ್ರೀ, ಕಣ್ಣು ಕಾಣಲ್ವಾ?” ಎಂದು ಕಿರುಚಿದ.

“ಇಲ್ಲಪ್ಪ, ಕಾಣಲ್ಲ. ನಿಮಗೆ?” ಎಂದರು ಇವರು.

ಆತ ಗಾಜು ಏರಿಸಿಕೊಂಡು ಹೋದ. ಇವರು ಅಲ್ಲೇ ಹಾರ್ನುಗಳ ನಡುವೆ ನಿಂತು, ನನ್ನ ಕಡೆಗೆ ಕೈ ಚಾಚಿದರು. ಐವತ್ತೆಂಟರ ಗಂಡಸು ಮೊದಲ ಸಲ ಹಾಗೆ ಕೈ ಚಾಚಿದ್ದನ್ನು ನೋಡಿ, ಹೊಲಿಗೆ ಯಂತ್ರ ಬಿಟ್ಟು ಓಡಿಹೋಗಿ ಹಿಡಿದುಕೊಂಡೆ. ಅಂದಿನಿಂದ ಕೊಟ್ಟಿಗೆಗೆ ಬೀಗ. ಬೆತ್ತ ಬಚ್ಚಲಿನ ಬಕೀಟಿನಲ್ಲಿ ನೆನೆಯುತ್ತದೆ, ಕುರ್ಚಿಗಳು ನಮ್ಮ ಮಂಚದ ಪಕ್ಕದಲ್ಲಿ. ಹಾರ್ನಿನ ಗದ್ದಲದಲ್ಲಿ ಮೀಟಿದ್ದು ಕೇಳಿಸದೆ ಒಂದೇ ಕುರ್ಚಿಯನ್ನು ಮೂರು ಮೂರು ಸಲ ಬಿಚ್ಚುತ್ತಾರೆ. “ಎಣಿಸೋಕೆ ಬರದವರನ್ನ ಕಳಿಸಿದ್ರು ಕಣೇ, ಅದಕ್ಕೇ ಹೀಗಾಯ್ತು” ಎಂದು ಬಯ್ಯುತ್ತಾರೆ. ನಾನು ಹೂಂಗುಟ್ಟುತ್ತೇನೆ.

ನಮ್ಮದು ದಡ್ಡತನ, ಒಪ್ಪಿದೆ. ಆದರೆ ಅಕ್ಕಪಕ್ಕದ ರಸ್ತೆಗಳೆಲ್ಲ ಗಿಜಿಗುಡುವಾಗ ಇದೊಂದು ರಸ್ತೆ ಭಣಗುಟ್ಟುವುದು ಹೇಗೆ ಎಂದು ತಮ್ಮ ಇಡೀ ಕಚೇರಿಯಲ್ಲಿ ಒಬ್ಬರಿಗಾದರೂ ಅನುಮಾನ ಬರಲಿಲ್ಲವೇ? ಅಥವಾ ಬೇಕಾದ ಉತ್ತರವೇ ಸಿಕ್ಕಿದ್ದರಿಂದ ಅನುಮಾನ ಬೇಕಾಗಲಿಲ್ಲವೇ?

ನನ್ನ ಬೇಡಿಕೆ ಇಷ್ಟೇ. ಯಾವುದಾದರೂ ಮಾಮೂಲಿ ಕೆಲಸದ ದಿನ ಬಂದು ಮತ್ತೊಮ್ಮೆ ಎಣಿಸಿ. ಅಲ್ಲಿಯವರೆಗೆ ಕಾರಂಜಿಯ ಗೇಟಿನ ಬೀಗ ತೆಗೆಸಿ, ಆ ಕಾರುಗಳನ್ನು ಅತ್ತ ಕಳಿಸಿ. ಬರುವ ದಿನವನ್ನು ಮಾತ್ರ ದಯವಿಟ್ಟು ತಿಳಿಸಬೇಡಿ. ತಿಳಿಸಿದರೆ ನಮ್ಮವರು ಮತ್ತೆ ಪೊರಕೆ ಹಿಡಿದಾರು.

ಈ ಪತ್ರವನ್ನು ತಾವು ಓದುತ್ತೀರೋ ಇಲ್ಲವೋ ಕಾಣೆ, ಅದಕ್ಕೇ ಪತ್ರಿಕೆಗೂ ಕಳಿಸುತ್ತಿದ್ದೇನೆ. ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಯಜಮಾನರಿಗೆ ಪತ್ರಿಕೆ ಓದಿ ಹೇಳುವವಳು ನಾನು. ಅಂದು ರಸ್ತೆ ಯಾಕೆ ಸುಮ್ಮನಿತ್ತು ಎಂದು ಅವರಿಗೆ ಇನ್ನೂ ಗೊತ್ತಿಲ್ಲ. ಇದು ಅಚ್ಚಾದ ದಿನ ಇದನ್ನೂ ಓದಬೇಕು, ಒಂದು ಸಾಲೂ ಬಿಡದೆ.

ಇಂತಿ,
ತಮಗೆ ಪೂರ್ತಿ ಸಹಕರಿಸಿದ
ಬೀಗ ಬಿದ್ದ ಕೊಟ್ಟಿಗೆಯ ಎದುರುಮನೆಯ ದರ್ಜಿ ಹೆಂಗಸು