ಫೋನು ರಿಂಗಾದರೆ ಇಂಟರ್ನೆಟ್ ಸರಿಯಿದ್ದಂತೆಯೇ?

ದೂರವಾಣಿ ಕಚೇರಿಯ ಮುಖ್ಯಾಧಿಕಾರಿಗಳೇ,

ಕಳೆದ ತಿಂಗಳು ಒಂಬತ್ತನೇ ತಾರೀಖು ನಿಮ್ಮ ಕಚೇರಿ ನಮ್ಮ ಮನೆಯ ಡಯಲ್-ಅಪ್ ಸಂಪರ್ಕವನ್ನು ಕಡಿದು, ಅದರ ಜಾಗದಲ್ಲಿ ಇಪ್ಪತ್ತು ಪಟ್ಟು ವೇಗದ ಬ್ರಾಡ್‌ಬ್ಯಾಂಡ್ ಕೊಟ್ಟಿತು. ಕೊಟ್ಟದ್ದು ಕಾಗದದ ಮೇಲೆ. ಇಂದಿಗೆ ಇಪ್ಪತ್ತಾರು ದಿನ; ಹೊಸ ಮೋಡೆಮ್ ಕೆಂಪು ಕಣ್ಣು ಮಿಟುಕಿಸುವುದನ್ನು ಬಿಟ್ಟು ಬೇರೇನೂ ಮಾಡಿಲ್ಲ. ಹಳೆಯದು ನಿಧಾನವಾಗಿತ್ತು, ನಿಜ. ಕಿರುಗುಟ್ಟಿ, ಗೊರಗುಟ್ಟಿ, ಗಂಟಲು ಸರಿಮಾಡಿಕೊಂಡು ಹೊರಡುತ್ತಿತ್ತು. ಆದರೆ ಹೊರಡುತ್ತಿತ್ತು.

ನಾನು ಅವಸರದ ಮನುಷ್ಯನಲ್ಲ. ಇದೇ ಕಚೇರಿಯಲ್ಲಿ ಫೋನಿಗೆ ಅರ್ಜಿ ಹಾಕಿ ಏಳು ವರ್ಷ ಕಾದವನು. ಅರ್ಜಿ ಹಾಕಿದಾಗ ಇನ್ನೂ ಹುಟ್ಟದಿದ್ದ ಮಗಳು ಮೊದಲ ಕರೆಗೆ ತಾನೇ ‘ಹಲೋ’ ಎಂದಳು. ಈ ಸಲ ಮಾತ್ರ ಕಾಯಲಾರೆ. ನನ್ನ ಹೆಂಡತಿ ಪರವೂರಿನ ಮುದ್ರಣಾಲಯವೊಂದರ ನಿಘಂಟಿನ ಕರಡು ತಿದ್ದುತ್ತಾಳೆ. ಆರು ವರ್ಷದಲ್ಲಿ ‘ಅ’ದಿಂದ ‘ಸ’ದವರೆಗೆ ಬಂದಿದ್ದಾಳೆ, ಉಳಿದಿರುವುದು ‘ಹ’. ಪುಟಗಳು ಬರುವುದೂ ಹೋಗುವುದೂ ಇಂಟರ್ನೆಟ್ಟಿನಲ್ಲೇ. ಶನಿವಾರದೊಳಗೆ ಮುಗಿಯದಿದ್ದರೆ ‘ಹ’ ಬೇರೆಯವರ ಪಾಲು, ಪುಸ್ತಕದ ಮೇಲಿನ ಹೆಸರೂ ಅವರದೇ. ಬೀದಿಯ ಇಂಟರ್ನೆಟ್ ಅಂಗಡಿಗೆ ಹೋಗಬಹುದಿತ್ತಲ್ಲ ಎನ್ನುವಿರಾ? ಅದಕ್ಕೂ ನೀವು ವೇಗ ಕೊಟ್ಟಿದ್ದೀರಿ. ಅದೀಗ ಬಾಗಿಲು ಹಾಕಿದೆ.

ದೂರು ಕೊಟ್ಟ ಮರುದಿನವೇ ನಿಮ್ಮ ಕಚೇರಿಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು.

“ಸರ್, ನನ್ನ ಮಾತು ಕೇಳಿಸ್ತಿದೆಯಾ?”

“ಕೇಳಿಸ್ತಿದೆಯಮ್ಮಾ.”

“ಹಾಗಾದ್ರೆ ಲೈನು ಸರಿಯಿದೆ. ದೂರು ಮುಗಿಸ್ತೀನಿ.”

“ನಾನು ಹೇಳಿದ್ದು ಇಂಟರ್ನೆಟ್ ಬಗ್ಗೆ ಕಣಮ್ಮಾ.”

“ಅದೂ ಇದೇ ತಂತೀಲಿ ತಾನೇ ಸರ್ ಬರೋದು?”

ಕೊಳಾಯಿ ಇದೆ, ಆದ್ದರಿಂದ ನೀರೂ ಇದೆ ಎಂಬ ಈ ತರ್ಕವನ್ನು ನಿಮ್ಮಲ್ಲಿ ಯಾರು ಕಂಡುಹಿಡಿದರು? ನಾಲ್ಕು ದೂರುಗಳು ಹೀಗೇ ಮುಗಿದವು. ಐದನೆಯ ಸಲ ಹೆಂಡತಿ ರಿಸೀವರ್ ಮೇಲೆ ಕೈಯಿಟ್ಟು ತಡೆದಳು. “ಎತ್ತಬೇಡಿ. ನೀವು ಎತ್ತೋದ್ರಿಂದಲೇ ಅವರು ಬಗೆಹರೀತು ಅಂತ ಬರ್ಕೊಳ್ಳೋದು.” ಎರಡು ದಿನ ಇಬ್ಬರೂ ಕಣ್ಣಾಮುಚ್ಚಾಲೆಯಲ್ಲಿ ಅಡಗಿದ ಮಕ್ಕಳಂತೆ ಉಸಿರು ಬಿಗಿಹಿಡಿದು ಕೂತೆವು. ಮೂರನೆಯ ದಿನ ನಿಮ್ಮ ಕಾರ್ಡು ಬಂತು: ‘ಗ್ರಾಹಕರು ಕರೆ ಸ್ವೀಕರಿಸಿಲ್ಲವಾದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.’

ಪಕ್ಕದ ಮನೆಗೆ ಬಂದಿದ್ದ ನಿಮ್ಮ ಲೈನ್‌ಮನ್‌ನನ್ನು ಬೇಡಿಕೊಂಡೆ. ಪುಣ್ಯಾತ್ಮ ಕಂಬ ಹತ್ತಿ ನೋಡಿ ಇಳಿದ. “ನಿಮ್ಮ ತಂತಿ ಇನ್ನೂ ಹಳೇ ಪೆಟ್ಟಿಗೇಲೇ ಇದೆ ಸರ್. ಹೊಸದಕ್ಕೆ ಬದಲಾಯಿಸೋಕೆ ಅರ್ಧ ಗಂಟೆ ಸಾಕು. ಆದ್ರೆ ಚಾಲ್ತೀಲಿರೋ ದೂರು ಇಲ್ದೆ ನಾನು ಕೈ ಹಾಕೋ ಹಾಗಿಲ್ಲ. ನಿಮ್ದೆಲ್ಲಾ ಮುಗಿದೇ ಹೋಗಿದೆಯಲ್ಲಾ.”

ಆದ್ದರಿಂದ ಮಾನ್ಯರೇ, ನನ್ನ ಪ್ರಶ್ನೆ ಒಂದೇ. ಫೋನು ಎತ್ತಿದರೂ ಸಾಯುವ, ಎತ್ತದಿದ್ದರೂ ಸಾಯುವ ದೂರೊಂದನ್ನು ಆ ಅರ್ಧ ಗಂಟೆಯ ಕೆಲಸ ಆಗುವವರೆಗೆ ಬದುಕಿಸಿಡಲು ಗ್ರಾಹಕ ಏನು ಮಾಡಬೇಕು? ಉತ್ತರವನ್ನು ಗುರುವಾರದೊಳಗೆ ಇದೇ ಪತ್ರಿಕೆಯಲ್ಲಿ, ನಿಮ್ಮ ಸಹಿಯೊಡನೆ, ಎಲ್ಲರೂ ಓದುವಂತೆ ಪ್ರಕಟಿಸಿ. ದಯವಿಟ್ಟು ಫೋನು ಮಾತ್ರ ಮಾಡಬೇಡಿ.

ಇಂತಿ,
ನಿಮ್ಮ ಕಡತಗಳ ಪ್ರಕಾರ ಈಗಾಗಲೇ ಐದು ಸಲ ತೃಪ್ತನಾಗಿರುವ ಗ್ರಾಹಕ